ಪ್ಯಾನ್‌ನಿಂದ ನೋಟಿಸಿನವರೆಗೆ: ತೆರಿಗೆ ಇಲಾಖೆ ನಿಮ್ಮನ್ನು ಗುರುತಿಸುವುದು ಹೇಗೆ, ಮಾತಾಡಿಸುವುದು ಹೇಗೆ

ಬ್ಯಾಂಕಿನಲ್ಲಿಟ್ಟ ಎಫ್‌ಡಿಗೆ ಬಂದ ಬಡ್ಡಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಸೈಟು, ಸಂಬಳ ಕೊಡುವಾಗಲೇ ಹಿಡಿದ ತೆರಿಗೆ ಅಂದರೆ ಟಿಡಿಎಸ್, ಮಾರಿದ ಷೇರು. ನಾಲ್ಕೂ ಬೇರೆ ಬೇರೆ ಕಡೆ ನಡೆದ ವ್ಯವಹಾರಗಳು. ಇವೆಲ್ಲ ಒಬ್ಬರದೇ ಎಂದು ಆದಾಯ ತೆರಿಗೆ ಇಲಾಖೆಗೆ ತಿಳಿಯುವುದು ಪ್ಯಾನ್ ಎಂಬ ಹತ್ತು ಅಕ್ಷರದ ಸಂಖ್ಯೆಯಿಂದ. ಇಲಾಖೆ ನಿಮಗೆ ಏನಾದರೂ ಹೇಳಬೇಕಾದರೆ ಆ ಸಂಖ್ಯೆಗೆ ಜೋಡಿಸಿದ ಖಾತೆ, ಇಮೇಲ್, ಮೊಬೈಲಿಗೆ ಹೇಳುತ್ತದೆ. ತೆರಿಗೆ ಸರಿಯಾಗಿ ಕಟ್ಟಿದವರಿಗೂ ನೋಟಿಸು ಬರುವುದು, ಬಂದ ನೋಟಿಸು ಕಣ್ಣಿಗೇ ಬೀಳದೆ ಗಡುವು ಮೀರಿಹೋಗುವುದು, ವ್ಯವಹಾರವನ್ನೂ ಸಂಪರ್ಕವನ್ನೂ ಪ್ಯಾನ್‌ಗೆ ಕಟ್ಟುವ ಈ ಎರಡು ಎಳೆಗಳು ಎಲ್ಲೋ ಕಳಚಿಕೊಂಡಾಗ. ಕಳಚುವ ಜಾಗಗಳು ಯಾವುವು ಎಂದು ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇಲ್ಲಿರುವ ಸೆಕ್ಷನ್ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪುಗೊಂಡಿದ್ದು, ಅದರಲ್ಲಿ ಸಂಖ್ಯೆಗಳೆಲ್ಲ ಬದಲಾಗಿವೆ. ಆದರೆ ಅದಕ್ಕೂ ಹಿಂದಿನ ವರ್ಷಗಳ ಆದಾಯಕ್ಕೆ ಬರುವ ಪತ್ರಗಳಲ್ಲಿ ಹಳೆಯ ಸಂಖ್ಯೆಗಳೇ ಇರುತ್ತವೆ.

ಹತ್ತು ಅಕ್ಷರಗಳಲ್ಲಿ ಏನಿದೆ

ಪ್ಯಾನ್ ಬಂದದ್ದು 1972ರಲ್ಲಿ. ಅದಕ್ಕೂ ಮುಂಚೆ ಇದ್ದದ್ದು ಜಿಐಆರ್ ನಂಬರು, ಅಂದರೆ ಆಯಾ ಅಧಿಕಾರಿಯ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಮುಂದಿನ ಕ್ರಮಸಂಖ್ಯೆ. ಕಡತ ಬೇರೆ ವಾರ್ಡಿಗೆ ಹೋದರೆ ಆ ಸಂಖ್ಯೆಗೆ ಅರ್ಥವಿರುತ್ತಿರಲಿಲ್ಲ. ಇಡೀ ದೇಶಕ್ಕೆ ಒಂದೇ, ಜೀವನಪೂರ್ತಿ ಅದೇ ಎನ್ನುವ ಸಂಖ್ಯೆ ಬಂದ ಮೇಲೆ ಊರು ಬದಲಾದರೂ ಕಡತ ಹಿಂದೆಯೇ ಬರುವಂತಾಯಿತು.

ಉದಾಹರಣೆಗೆ ಎಬಿಸಿಪಿಎಂ 0000 ಡಿ ಎಂಬ ಪ್ಯಾನ್ ಇಟ್ಟುಕೊಳ್ಳೋಣ. (ಅಂಕಿಗಳು 0001ರಿಂದ ಶುರುವಾಗುತ್ತವೆ, ಹಾಗಾಗಿ ಇದು ಯಾರ ಪ್ಯಾನೂ ಅಲ್ಲ.) ಮೊದಲ ಮೂರು ಅಕ್ಷರ ಬರೀ ಸರಣಿ, ಅವಕ್ಕೆ ಅರ್ಥವಿಲ್ಲ. ನಾಲ್ಕನೆಯದು ನೀವು ಯಾರು ಎಂದು ಹೇಳುತ್ತದೆ. ಪಿ ಅಂದರೆ ವ್ಯಕ್ತಿ, ಸಿ ಅಂದರೆ ಕಂಪನಿ, ಎಫ್ ಪಾಲುದಾರಿಕೆ ಸಂಸ್ಥೆ, ಎಚ್ ಹಿಂದೂ ಅವಿಭಕ್ತ ಕುಟುಂಬ, ಟಿ ಟ್ರಸ್ಟ್. ಐದನೆಯದು ವ್ಯಕ್ತಿಯಾದರೆ ಸರ್‌ನೇಮಿನ ಮೊದಲ ಅಕ್ಷರ, ಸಂಸ್ಥೆಯಾದರೆ ಹೆಸರಿನ ಮೊದಲ ಅಕ್ಷರ. ಆಮೇಲೆ ನಾಲ್ಕು ಅಂಕಿ. ಕೊನೆಯ ಅಕ್ಷರ ಹಿಂದಿನ ಒಂಬತ್ತರಿಂದ ಲೆಕ್ಕ ಹಾಕಿ ಬರುವ ತಾಳೆ ಅಕ್ಷರ. ಟೈಪ್ ಮಾಡುವಾಗ ಒಂದಕ್ಷರ ತಪ್ಪಿದರೆ ಹಿಡಿಯಲೆಂದೇ ಅದನ್ನು ಇಟ್ಟದ್ದು.

ಕನ್ನಡನಾಡಿನ ಹೆಸರುಗಳಿಗೆ ತೊಂದರೆ ಶುರುವಾಗುವುದು ಐದನೇ ಅಕ್ಷರದಲ್ಲಿ. ನಮ್ಮಲ್ಲಿ ಎಷ್ಟೋ ಮಂದಿಗೆ ಸರ್‌ನೇಮ್ ಎಂಬುದೇ ಇಲ್ಲ, ಇರುವುದು ಇನಿಷಿಯಲ್. ಕೆ. ಎಸ್. ಮಂಜುನಾಥ ಎಂಬಲ್ಲಿ ‘ಕೆ’ ಊರು, ‘ಎಸ್’ ಅಪ್ಪನ ಹೆಸರು. ಪ್ಯಾನ್ ಅರ್ಜಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರುಗಳ ಜಾಗದಲ್ಲಿ ಇನಿಷಿಯಲ್ ಬರೆಯುವಂತಿಲ್ಲ, ಬಿಡಿಸಿಯೇ ಬರೆಯಬೇಕು. ಹಾಗಾಗಿ ಅರ್ಜಿ ತುಂಬಿದವರು ಮಂಜುನಾಥ ಎಂಬುದನ್ನೇ ಸರ್‌ನೇಮ್ ಮಾಡಿದ್ದರೆ ಐದನೇ ಅಕ್ಷರ ಎಂ. ಊರಿನ ಹೆಸರನ್ನು ಬಿಡಿಸಿ ಸರ್‌ನೇಮಿನ ಜಾಗಕ್ಕೆ ಹಾಕಿದ್ದರೆ ಕೆ. ಎರಡೂ ತಪ್ಪಲ್ಲ. ಆದರೆ ಆಧಾರ್‌ನಲ್ಲಿ ಮಂಜುನಾಥ ಕೆ ಎಸ್, ಬ್ಯಾಂಕಿನಲ್ಲಿ ಕೆ ಎಸ್ ಮಂಜುನಾಥ, ಪ್ಯಾನ್‌ನಲ್ಲಿ ಊರು, ಅಪ್ಪನ ಹೆಸರು ಎಲ್ಲ ಸೇರಿದ ಮೂರು ಪದದ ಹೆಸರು ಅಂತಾದರೆ, ಕಂಪ್ಯೂಟರಿನ ಕಣ್ಣಿಗೆ ಇವರು ಮೂರು ಜನ. ಮದುವೆಯ ನಂತರ ಹೆಸರು ಬದಲಿಸಿಕೊಂಡವರಿಗೂ ಒಂದು ಮಾತು: ಪ್ಯಾನ್‌ನ ದಾಖಲೆಯಲ್ಲಿ ಹೆಸರು ತಿದ್ದಿಸಬಹುದು, ಪ್ಯಾನ್ ಸಂಖ್ಯೆ ಮಾತ್ರ ಬದಲಾಗುವುದಿಲ್ಲ. ಐದನೇ ಅಕ್ಷರ ಹಳೆಯ ಸರ್‌ನೇಮಿನದೇ ಉಳಿಯುತ್ತದೆ. ಅದನ್ನು ಕಂಡು ಹೊಸ ಪ್ಯಾನ್‌ಗೆ ಅರ್ಜಿ ಹಾಕಬಾರದು. ಒಬ್ಬರ ಬಳಿ ಎರಡು ಪ್ಯಾನ್ ಇದ್ದರೆ ಸೆಕ್ಷನ್ 272ಬಿ ಪ್ರಕಾರ 10,000 ರೂಪಾಯಿ ದಂಡ ಹಾಕಬಹುದು.

ಈ ಹೆಸರಿನ ಗೋಜಲು ದುಬಾರಿಯಾದದ್ದು ಆಧಾರ್ ಜೋಡಣೆ ಕಡ್ಡಾಯವಾದ ಮೇಲೆ. ಜೋಡಿಸುವಾಗ ಹೆಸರು, ಹುಟ್ಟಿದ ದಿನ, ಲಿಂಗ ಮೂರನ್ನೂ ತಾಳೆ ನೋಡುತ್ತಾರೆ. ಹೆಸರಿನಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೆ ದಾರಿ ಇರುತ್ತದೆ, ಆದರೆ ಹುಟ್ಟಿದ ದಿನಾಂಕ ಹೊಂದಲೇಬೇಕು. ಆರಂಭದ ವರ್ಷಗಳಲ್ಲಿ ಆಧಾರ್ ಮಾಡಿಸಿದ ಎಷ್ಟೋ ಹಿರಿಯರ ಕಾರ್ಡಿನಲ್ಲಿ ಹುಟ್ಟಿದ ಇಸವಿ ಮಾತ್ರ ಇದೆ. ಅಂಥವರು ಮೊದಲು ಆಧಾರ್ ಕೇಂದ್ರದಲ್ಲಿ ಪೂರ್ತಿ ದಿನಾಂಕ ಹಾಕಿಸಿಕೊಂಡು ಆಮೇಲೆ ಜೋಡಿಸಬೇಕು. ಜೋಡಿಸದವರ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯವಾಯಿತು. ನಿಷ್ಕ್ರಿಯವೆಂದರೆ ರದ್ದಾದಂತಲ್ಲ; ಸಂಖ್ಯೆ ಇರುತ್ತದೆ, ಆದರೆ ರೀಫಂಡ್ ನಿಲ್ಲುತ್ತದೆ, ನಿಂತ ಅವಧಿಗೆ ಬಡ್ಡಿಯೂ ಸಿಗುವುದಿಲ್ಲ, ಎಫ್‌ಡಿ ಬಡ್ಡಿಗೆ 10 ಶೇಕಡಾ ಹಿಡಿಯಬೇಕಾದ ಕಡೆ 20 ಶೇಕಡಾ ಟಿಡಿಎಸ್ ಹಿಡಿಯುತ್ತಾರೆ. 1,000 ರೂಪಾಯಿ ಶುಲ್ಕ ಕಟ್ಟಿ ಜೋಡಿಸಿದರೆ ಮತ್ತೆ ಚಾಲ್ತಿಗೆ ಬರುತ್ತದೆ.

ಪ್ಯಾನ್‌ನ ಬಂಧುಗಳು ಇನ್ನಿಬ್ಬರಿದ್ದಾರೆ. ತೆರಿಗೆ ಹಿಡಿದು ಕಟ್ಟುವ ಸಂಸ್ಥೆಗೆ ಟ್ಯಾನ್ ಬೇಕು. ನಾಲ್ಕು ಅಕ್ಷರ, ಐದು ಅಂಕಿ, ಒಂದು ಅಕ್ಷರ. ಬೆಂಗಳೂರಿನದಾದರೆ ಬಿಎಲ್‌ಆರ್ ಎಂದು ಶುರುವಾಗುತ್ತದೆ. ಜಿಎಸ್‌ಟಿ ಸಂಖ್ಯೆ 15 ಅಕ್ಷರದ್ದು. ಮೊದಲ ಎರಡಂಕಿ ರಾಜ್ಯ, ಕರ್ನಾಟಕಕ್ಕೆ 29. ಅದರ ಹಿಂದೆಯೇ ಇಡೀ ಪ್ಯಾನ್ ಕೂತಿರುತ್ತದೆ. ಅಂಗಡಿಯ ಬಿಲ್ಲಿನ ಮೇಲಿನ ಜಿಎಸ್‌ಟಿ ಸಂಖ್ಯೆಯಿಂದ ಮಾಲೀಕರ ಆದಾಯ ತೆರಿಗೆ ಕಡತಕ್ಕೆ ಹೋಗಲು ಹೆಚ್ಚು ಹುಡುಕಬೇಕಿಲ್ಲ.

ನಿಮ್ಮ ಬಗ್ಗೆ ಹೇಳುವವರು ಯಾರು

ಇಲಾಖೆ ನಿಮ್ಮ ಬ್ಯಾಂಕ್ ಖಾತೆಯೊಳಗೆ ದಿನವೂ ಇಣುಕುತ್ತಿರುತ್ತದೆ ಎಂಬುದು ತಪ್ಪು ಕಲ್ಪನೆ. ಬ್ಯಾಂಕೇ ವರದಿ ಕೊಡುತ್ತದೆ. 1962ರ ನಿಯಮಗಳ 114ಇ ಪ್ರಕಾರ ಒಂದು ಹಣಕಾಸು ವರ್ಷದಲ್ಲಿ ಉಳಿತಾಯ ಖಾತೆಗಳಿಗೆ 10 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಕಟ್ಟಿದರೆ, ಚಾಲ್ತಿ ಖಾತೆಯಲ್ಲಿ ನಗದು 50 ಲಕ್ಷ ಮುಟ್ಟಿದರೆ, ಕ್ರೆಡಿಟ್ ಕಾರ್ಡ್ ಬಿಲ್ಲಿಗೆ ನಗದಾಗಿ 1 ಲಕ್ಷ ಅಥವಾ ಬೇರೆ ದಾರಿಯಲ್ಲಿ 10 ಲಕ್ಷ ಕಟ್ಟಿದರೆ, 30 ಲಕ್ಷ ಅಥವಾ ಮೇಲ್ಪಟ್ಟ ಸ್ಥಿರಾಸ್ತಿ ಕೊಂಡರೆ ಇಲ್ಲವೇ ಮಾರಿದರೆ, ಆ ವರದಿ ಮೇ 31ರೊಳಗೆ ಇಲಾಖೆಗೆ ಹೋಗಬೇಕು. ಸ್ಥಿರಾಸ್ತಿಯ ವಿಷಯ ಸಬ್ ರಿಜಿಸ್ಟ್ರಾರ್ ಕೊಡುತ್ತಾರೆ. ಟಿಡಿಎಸ್ ಹಿಡಿದವರು ಮೂರು ತಿಂಗಳಿಗೊಮ್ಮೆ ಪಟ್ಟಿ ಸಲ್ಲಿಸುತ್ತಾರೆ. ಜನವರಿ-ಮಾರ್ಚ್ ತ್ರೈಮಾಸಿಕದ್ದೂ ಮೇ 31ಕ್ಕೆ.

ಇವೆಲ್ಲ ಬಂದು ಸೇರುವ ಜಾಗವೇ ವಾರ್ಷಿಕ ಮಾಹಿತಿ ಹೇಳಿಕೆ, ಬಳಕೆಯಲ್ಲಿ ಎಐಎಸ್. 2021ರ ನವೆಂಬರಿನಿಂದ ಇ-ಫೈಲಿಂಗ್ ಪೋರ್ಟಲಿನಲ್ಲಿ ಸಿಗುತ್ತಿದೆ. ಮೇ 31ರ ಗಡುವುಗಳನ್ನು ನೋಡಿದರೆ ಒಂದು ವಿಷಯ ತಾನಾಗಿಯೇ ತಿಳಿಯುತ್ತದೆ: ಏಪ್ರಿಲ್‌ನಲ್ಲಿ ತೆಗೆದ ಎಐಎಸ್ ಅರ್ಧ ಬರೆದ ಚೀಟಿ. ಅದನ್ನೇ ನಂಬಿ ರಿಟರ್ನ್ (ವರ್ಷದ ಆದಾಯ, ತೆರಿಗೆಯ ಲೆಕ್ಕ) ಹಾಕಿದವರಿಗೆ ಜೂನ್‌ನಲ್ಲಿ ಬಂದು ಸೇರಿದ ಬಡ್ಡಿಯ ಸಾಲು ಕಾಣಿಸಿರುವುದಿಲ್ಲ. ಆಮೇಲೆ ಅದೇ ಸಾಲಿನ ಬಗ್ಗೆ ಪ್ರಶ್ನೆ ಬರುತ್ತದೆ. ಜೂನ್ ಎರಡನೇ ಅಥವಾ ಮೂರನೇ ವಾರದ ನಂತರ ಎಐಎಸ್ ಇಳಿಸಿಕೊಂಡು ಪಾಸ್‌ಬುಕ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಗುರುತು ಹಾಕುವುದು ಒಳ್ಳೆಯದು.

ಎಐಎಸ್‌ನಲ್ಲಿ ಇರುವುದೆಲ್ಲ ನಿಮ್ಮ ಆದಾಯವೇ ಎಂದೇನಿಲ್ಲ. ಗಂಡ-ಹೆಂಡತಿ ಜಂಟಿ ಎಫ್‌ಡಿ ಇಟ್ಟರೆ ಬಡ್ಡಿಯಷ್ಟೂ ಮೊದಲ ಹೆಸರಿನವರ ಪ್ಯಾನ್‌ಗೆ ಬೀಳುತ್ತದೆ. ಒಂದೇ ಡಿವಿಡೆಂಡ್ ಎರಡು ಮೂಲಗಳಿಂದ ಬಂದು ಎರಡು ಸಲ ಕಾಣಬಹುದು. ಪ್ರತಿ ಸಾಲಿನ ಎದುರಿಗೂ ಪ್ರತಿಕ್ರಿಯೆ ಕೊಡುವ ಅವಕಾಶವಿದೆ: ಮಾಹಿತಿ ಸರಿ, ಪೂರ್ತಿ ಸರಿಯಿಲ್ಲ, ಬೇರೆ ಪ್ಯಾನ್ ಅಥವಾ ಬೇರೆ ವರ್ಷದ್ದು, ಎರಡೆರಡು ಸಲ ಬಂದಿದೆ, ನನ್ನದಲ್ಲ. ರಿಟರ್ನ್ ಹಾಕುವ ಮುಂಚೆಯೇ ಇದನ್ನು ಮಾಡಿಟ್ಟರೆ ನೋಟಿಸಿಗೆ ಕೊಡಬೇಕಾದ ಉತ್ತರ ಮೊದಲೇ ಕೊಟ್ಟಂತಾಯಿತು.

ದತ್ತಾಂಶಕ್ಕೆ ಹಣ ಬಂದದ್ದು ಕಾಣುತ್ತದೆ, ಯಾಕೆ ಬಂತು ಎಂಬುದು ಕಾಣುವುದಿಲ್ಲ. 2025ರ ಜುಲೈನಲ್ಲಿ ಕರ್ನಾಟಕದಲ್ಲಿ ನಡೆದದ್ದು ಇದೇ. ಯುಪಿಐ ಜಮೆಯ ಲೆಕ್ಕ ಹಿಡಿದು ರಾಜ್ಯ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ಜಿಎಸ್‌ಟಿ ನೋಂದಣಿಯ ಮಿತಿ. ಯುಪಿಐ ಮೊತ್ತ ಅದನ್ನು ದಾಟಿದ್ದೇನೋ ನಿಜ, ಆದರೆ ಆ ಮೊತ್ತದಲ್ಲಿ ತೆರಿಗೆಯೇ ಇಲ್ಲದ ಹಾಲು, ತರಕಾರಿ, ಹಣ್ಣಿನ ಮಾರಾಟವೂ ಇತ್ತು. ಅದು ಅಂತಿಮ ಬೇಡಿಕೆಯಲ್ಲ, ವಿವರಣೆ ಕೊಡಬಹುದು ಎಂದು ಇಲಾಖೆ ಆಮೇಲೆ ಸ್ಪಷ್ಟಪಡಿಸಿತು. ದಿನಕ್ಕೆಷ್ಟು ಹಾಲು, ಎಷ್ಟು ಸಿಗರೇಟು ಮಾರಿದ್ದೆಂದು ಬರೆದಿಟ್ಟವರಿಗೆ ವಿವರಣೆ ಕೊಡುವುದು ಸುಲಭ. ಬರೆದಿಡದವರ ಕಷ್ಟವನ್ನು ಹಗುರವಾಗಿ ನೋಡುವಂತಿಲ್ಲ, ನಾಲ್ಕು ವರ್ಷದ ಹಿಂದಿನ ಸೋಮವಾರದ ಮಾರಾಟ ಯಾರಿಗೆ ನೆನಪಿರುತ್ತದೆ?

ಇನ್ನೊಂದು ಕಡೆ ಎಳೆ ಕಳಚುವುದು ಮನೆ ಕೊಳ್ಳುವಾಗ. 50 ಲಕ್ಷ ಅಥವಾ ಮೇಲ್ಪಟ್ಟ ಮನೆಗೆ ಕೊಳ್ಳುವವರು 1 ಶೇಕಡಾ ಟಿಡಿಎಸ್ ಹಿಡಿದು 26ಕ್ಯೂಬಿ ನಮೂನೆಯಲ್ಲಿ ಕಟ್ಟಬೇಕು. ಅಲ್ಲಿ ಮಾರುವವರ ಪ್ಯಾನ್ ಬದಲು ಬೇರೆ ಯಾರದೋ ನಿಜವಾದ ಪ್ಯಾನ್ ಬಿದ್ದರೆ ತಾಳೆ ಅಕ್ಷರವೂ ಹಿಡಿಯಲಾರದು. 80 ಲಕ್ಷದ ಮನೆಗೆ 80,000 ರೂಪಾಯಿ ಅಪರಿಚಿತರ ಲೆಕ್ಕದಲ್ಲಿ ಹೋಗಿ ಕೂರುತ್ತದೆ. ಅದನ್ನು ತಿದ್ದುವ ಅರ್ಜಿ ಕೊಳ್ಳುವವರೇ ಹಾಕಬೇಕು, ಮಾರಿದವರ ಕೈಯಲ್ಲಿ ಆಗದು. ಹಾಗಾಗಿ ಮಾರುವವರು ಪ್ಯಾನ್ ಕಾರ್ಡಿನ ಪ್ರತಿ ಕೊಟ್ಟು, ಚಲನ್ ಕಟ್ಟಿದ ಕೆಲವು ದಿನಗಳಲ್ಲೇ ತಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆ ತೋರಿಸುವ 26ಎಎಸ್ ಪಟ್ಟಿ ತೆಗೆದು ನೋಡಬೇಕು. ನೋಂದಣಿ ಮುಗಿದು ವರ್ಷವಾದ ಮೇಲೆ ಕೊಂಡವರನ್ನು ಹುಡುಕಿಕೊಂಡು ಹೋಗುವುದು ಬಹಳ ಕಷ್ಟ.

ನೋಟಿಸ್ ಬರುವುದು ಎಲ್ಲಿಗೆ

ಅಂಚೆಯವರು ರಿಜಿಸ್ಟರ್ಡ್ ಲಕೋಟೆ ತಂದು ಸಹಿ ಹಾಕಿಸಿಕೊಳ್ಳುವ ಕಾಲ ಬಹುಮಟ್ಟಿಗೆ ಮುಗಿದಿದೆ. 2020ರ ಆಗಸ್ಟ್ 13ರಂದು ಮುಖಾಮುಖಿಯಿಲ್ಲದ ತೆರಿಗೆ ನಿರ್ಧಾರಣೆ ವಿಸ್ತಾರವಾಗಿ ಜಾರಿಗೆ ಬಂದ ಮೇಲೆ ನೋಟಿಸನ್ನು ಪೋರ್ಟಲಿನ ನಿಮ್ಮ ಖಾತೆಯಲ್ಲಿ ಇಡುತ್ತಾರೆ ಇಲ್ಲವೇ ನೋಂದಾಯಿತ ಇಮೇಲಿಗೆ ಕಳಿಸುತ್ತಾರೆ. ಮೊಬೈಲಿಗೆ ಬರುವ ಎಸ್ಸೆಮ್ಮೆಸ್ ನೋಟಿಸಲ್ಲ, ನೋಟಿಸ್ ಇಟ್ಟಿದ್ದೇವೆ ಎಂಬ ಸೂಚನೆ ಅಷ್ಟೆ. ಗಡುವಿನ ದಿನ ಎಣಿಸುವುದು ನೋಟಿಸಿನಿಂದ, ನೀವು ಅದನ್ನು ತೆರೆದು ಓದಿದ ದಿನದಿಂದಲ್ಲ.

ಇಲ್ಲಿ ನಮ್ಮಲ್ಲಿ ತುಂಬ ಸಾಮಾನ್ಯವಾದ ಒಂದು ತೊಡಕಿದೆ. ಮೊದಲ ಸಲ ರಿಟರ್ನ್ ಹಾಕಿಸುವಾಗ ಆಡಿಟರ ಕಚೇರಿಯಲ್ಲಿ ಓಟಿಪಿಗೆ ಅನುಕೂಲವಾಗಲೆಂದು ಅಲ್ಲಿಯದೇ ಇಮೇಲ್, ಮೊಬೈಲ್ ಹಾಕಿರುತ್ತಾರೆ. ವರ್ಷಗಳ ನಂತರ ನೀವು ಬೇರೆ ಆಡಿಟರ ಬಳಿ ಹೋಗಿರುತ್ತೀರಿ, ಹಳೆಯ ಕಚೇರಿಯ ಸಹಾಯಕರು ಕೆಲಸ ಬಿಟ್ಟಿರುತ್ತಾರೆ, ನೋಟಿಸ್ ಮಾತ್ರ ಆ ಇಮೇಲಿಗೇ ಹೋಗುತ್ತಿರುತ್ತದೆ. ಪೋರ್ಟಲಿಗೆ ಲಾಗಿನ್ ಆಗಿ ಮೈ ಪ್ರೊಫೈಲ್ ತೆರೆದು ಪ್ರಾಥಮಿಕ ಸಂಪರ್ಕದಲ್ಲಿ ನಿಮ್ಮ ಮೊಬೈಲ್, ನಿಮ್ಮ ಇಮೇಲ್ ಹಾಕಿ. ಆಡಿಟರದ್ದು ಎರಡನೇ ಸಂಪರ್ಕವಾಗಿ ಇರಲಿ. ರಿಟರ್ನ್ ನಮೂನೆಯೊಳಗೂ ಇಮೇಲ್, ವಿಳಾಸದ ಅಂಕಣಗಳಿವೆ, ಅವನ್ನೂ ನೋಡಬೇಕು. ಯಾಕೆಂದರೆ ನಿಯಮ 127ರ ಪ್ರಕಾರ ಪತ್ರವನ್ನು ಪ್ಯಾನ್ ದಾಖಲೆಯ ವಿಳಾಸಕ್ಕೂ ಕಳಿಸಬಹುದು, ರಿಟರ್ನಿನಲ್ಲಿರುವ ವಿಳಾಸಕ್ಕೂ ಕಳಿಸಬಹುದು; ಅಲ್ಲಿ ತಲುಪದಿದ್ದರೆ ಬ್ಯಾಂಕ್, ವಿಮಾ ಕಂಪನಿಗಳ ದಾಖಲೆಯ ವಿಳಾಸಕ್ಕೂ ಕಳಿಸಬಹುದು.

ಲಾಗಿನ್ ಆದ ಮೇಲೆ ಪೆಂಡಿಂಗ್ ಆಕ್ಷನ್ಸ್ ಎಂಬ ಪಟ್ಟಿ ಇದೆ. ಅದರಡಿ ಇ-ಪ್ರೊಸೀಡಿಂಗ್ಸ್, ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್, ವರ್ಕ್‌ಲಿಸ್ಟ್. ರಿಟರ್ನ್ ಹಾಕಿದ ನಂತರದ ಒಂದು ವರ್ಷ ತಿಂಗಳಿಗೊಮ್ಮೆ ಈ ಮೂರನ್ನು ತೆರೆದು ನೋಡಲು ಐದು ನಿಮಿಷ ಸಾಕು.

ಬಂದ ಪತ್ರ ಯಾವುದು

ಎಲ್ಲರಿಗೂ ಬರುವುದು ಸೆಕ್ಷನ್ 143(1)ರ ಇಂಟಿಮೇಷನ್. ಇದನ್ನು ಕಳಿಸುವುದು 2009ರಿಂದ ನಡೆಯುತ್ತಿರುವ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ, ಅಂದರೆ ಸಿಪಿಸಿ. ಇಮೇಲಿನಲ್ಲಿ ಬರುವ ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಬೇಕು: ಪ್ಯಾನ್ ಸಣ್ಣಕ್ಷರದಲ್ಲಿ, ಅದರ ಬೆನ್ನಿಗೆ ಹುಟ್ಟಿದ ದಿನ, ತಿಂಗಳು, ಇಸವಿ ಎಂಟಂಕಿಯಲ್ಲಿ. ಮಧ್ಯೆ ಜಾಗ ಬಿಡಬಾರದು. ಒಳಗೆ ಎರಡು ಅಂಕಣಗಳಿರುತ್ತವೆ. ಒಂದು ನೀವು ರಿಟರ್ನಿನಲ್ಲಿ ಕೊಟ್ಟದ್ದು, ಇನ್ನೊಂದು ಸಿಪಿಸಿ ಲೆಕ್ಕ ಹಾಕಿದ್ದು. ಕೊನೆಯ ಮೊತ್ತ ನೋಡಿ ಗಾಬರಿಯಾಗುವ ಬದಲು ಮೇಲಿನಿಂದ ಬೆರಳಿಟ್ಟು ಇಳಿಯುತ್ತಾ ಬನ್ನಿ. ಎರಡೂ ಅಂಕಣಗಳ ಅಂಕಿ ಮೊದಲ ಸಲ ಬೇರೆಯಾಗುವ ಸಾಲು ಯಾವುದೋ ಅಲ್ಲೇ ಉತ್ತರವಿದೆ. ಆದಾಯದ ಸಾಲಿನಲ್ಲಿ ಬೇರೆಯಾದರೆ ಯಾವುದೋ ಬಡ್ಡಿ ಸೇರಿಸಿದ್ದಾರೆ, ಕಡಿತದ ಸಾಲಿನಲ್ಲಾದರೆ ಯಾವುದೋ ವಿನಾಯಿತಿ ಒಪ್ಪಿಲ್ಲ, ಟಿಡಿಎಸ್ ಸಾಲಿನಲ್ಲಾದರೆ ಹಿಡಿದವರು ನಿಮ್ಮ ಪ್ಯಾನ್‌ಗೆ ಜಮೆ ತೋರಿಸಿಲ್ಲ. ಆದಾಯ ಹೆಚ್ಚಿಸುವಂಥ ತಿದ್ದುಪಡಿ ಮಾಡುವ ಮುಂಚೆ ಸಿಪಿಸಿ ಸಾಮಾನ್ಯವಾಗಿ ಪ್ರಸ್ತಾವ ಕಳಿಸಿ 30 ದಿನ ಕೊಡುತ್ತದೆ. ಆ ಅವಕಾಶ ಕೈತಪ್ಪಿದರೆ ಇಂಟಿಮೇಷನ್ ನೇರವಾಗಿ ಬಾಕಿ ತೆರಿಗೆ ಕಟ್ಟಿ ಎಂಬ ಬೇಡಿಕೆಯಾಗಿ ಬರುತ್ತದೆ.

ಬೇಡಿಕೆ ಬಂದರೆ ಪೋರ್ಟಲಿನಲ್ಲಿ ಒಪ್ಪುತ್ತೇನೆ ಅಥವಾ ಪೂರ್ತಿಯಾಗಿ, ಭಾಗಶಃ ಒಪ್ಪುವುದಿಲ್ಲ ಎನ್ನಬೇಕು. ಎಚ್ಚರಿಕೆ ಇರಬೇಕಾದದ್ದು ಇಲ್ಲಿ: ಬೇಡಿಕೆ ಸರಿ ಎಂದು ಒಮ್ಮೆ ಒತ್ತಿದ ಮೇಲೆ ಹಿಂದೆ ಸರಿಯಲು ಪೋರ್ಟಲ್ ಬಿಡುವುದಿಲ್ಲ. ಟಿಡಿಎಸ್ ಜಮೆ ತಪ್ಪಿದ್ದರೆ ಮೊದಲು ಹಿಡಿದ ಸಂಸ್ಥೆ ತಿದ್ದುಪಡಿ ಪಟ್ಟಿ ಸಲ್ಲಿಸಬೇಕು, ಅದು 26ಎಎಸ್‌ನಲ್ಲಿ ಕಂಡ ಮೇಲೆ ಸೆಕ್ಷನ್ 154ರಡಿ ತಿದ್ದುಪಡಿ ಕೋರಿ ರಿಟರ್ನನ್ನು ಮತ್ತೆ ಸಂಸ್ಕರಿಸಲು ಕೇಳಬೇಕು. ಈ ಕ್ರಮ ತಲೆಕೆಳಗಾದರೆ ಅದೇ ಬೇಡಿಕೆ ಮತ್ತೆ ಬರುತ್ತದೆ. ಮೇಲ್ಮನವಿಗೆ ಇರುವುದು 30 ದಿನ, ತಿದ್ದುಪಡಿಗೆ ಆದೇಶವಾದ ಹಣಕಾಸು ವರ್ಷದ ಕೊನೆಯಿಂದ ನಾಲ್ಕು ವರ್ಷ. ಅಷ್ಟು ದಿನ ಇದೆಯೆಂದು ಕೂತರೆ, ಬೇಡಿಕೆ ಮೇಲೆ ತಿಂಗಳಿಗೆ 1 ಶೇಕಡಾ ಬಡ್ಡಿ ಓಡುತ್ತಿರುತ್ತದೆ. ಹಳೆಯ ಬಾಕಿಯನ್ನು ಈ ವರ್ಷದ ರೀಫಂಡಿನಲ್ಲಿ ಮುರಿದುಕೊಳ್ಳುವ ಸೂಚನೆ 245ರಡಿ ಬರುತ್ತದೆ. ಉತ್ತರಕ್ಕೆ 21 ದಿನ.

139(9) ಬಂದರೆ ರಿಟರ್ನಿನಲ್ಲಿ ದೋಷವಿದೆ ಎಂದರ್ಥ. ಟಿಡಿಎಸ್ ಜಮೆ ಕೇಳಿ ಅದಕ್ಕೆ ಸಂಬಂಧಿಸಿದ ಆದಾಯವನ್ನೇ ತೋರಿಸದಿರುವುದು ಇದಕ್ಕೆ ಸಾಮಾನ್ಯ ಕಾರಣ. 15 ದಿನದೊಳಗೆ ಸರಿಪಡಿಸದಿದ್ದರೆ ರಿಟರ್ನ್ ಹಾಕಿಯೇ ಇಲ್ಲ ಎಂದಾಗುತ್ತದೆ. 143(2) ಎಂದರೆ ಕಡತವನ್ನು ಕೂಲಂಕಷ ಪರಿಶೀಲನೆಗೆ ತೆಗೆದುಕೊಂಡಿದ್ದಾರೆ. ರಿಟರ್ನ್ ಹಾಕಿದ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಮಾತ್ರ ಇದನ್ನು ಕೊಡಬಹುದು. 142(1)ರಲ್ಲಿ ದಾಖಲೆ ಕೇಳುತ್ತಾರೆ. ಇವಕ್ಕೆ ಉತ್ತರಿಸದಿದ್ದರೆ ಪ್ರತಿ ತಪ್ಪಿಗೆ 10,000 ರೂಪಾಯಿ ದಂಡ, ಜೊತೆಗೆ ಇರುವ ಮಾಹಿತಿಯ ಮೇಲೆ ಅಧಿಕಾರಿಗೆ ಕಂಡಂತೆ 144ರಡಿ ತೆರಿಗೆ ನಿರ್ಧಾರ. ಸಮಯ ಸಾಲದಿದ್ದರೆ ಮುಂದೂಡಿಕೆ ಕೇಳುವ ಗುಂಡಿ ಅಲ್ಲೇ ಇದೆ, ಗಡುವಿನ ಮುಂಚೆ ಒತ್ತಿದರೆ ಕೇಳಿದ್ದಕ್ಕೆ ದಾಖಲೆ ಉಳಿಯುತ್ತದೆ. 148ಎ ಹಳೆಯ ವರ್ಷದ ಕಡತ ಮತ್ತೆ ತೆರೆಯುವ ಮುನ್ನ ಕೊಡುವ ಕಾರಣ ಕೇಳುವ ನೋಟಿಸ್. ಅದು ಬಂದರೆ ಒಬ್ಬರೇ ಕೂತು ಉತ್ತರ ಬರೆಯದೆ ಆಡಿಟರನ್ನು ಕಾಣಿ.

ಇನ್ನು ಕೆಲವು ಇಮೇಲುಗಳು ನೋಟಿಸೇ ಅಲ್ಲ, ನೆನಪೋಲೆಗಳು. ವಿದೇಶಗಳಿಂದ ಬಂದ ಖಾತೆ ಮಾಹಿತಿಯ ಆಧಾರದಲ್ಲಿ 2024ರ ನವೆಂಬರಿನಲ್ಲಿ ಇಲಾಖೆ ಹೀಗೆ ಸಂದೇಶ ಕಳಿಸಿದಾಗ 24,678 ಮಂದಿ ರಿಟರ್ನ್ ಪರಿಷ್ಕರಿಸಿ 29,208 ಕೋಟಿ ರೂಪಾಯಿಯ ವಿದೇಶಿ ಆಸ್ತಿ ತೋರಿಸಿದರು. ಇಂಥ ಇಮೇಲಿಗೆ ದಂಡವಿಲ್ಲ, ಆದರೆ ಕಡೆಗಣಿಸಿದರೆ ಮುಂದಿನ ಪತ್ರಕ್ಕೆ ಸೆಕ್ಷನ್ ಸಂಖ್ಯೆ ಅಂಟಿರುತ್ತದೆ.

ಇದು ನಿಜವಾಗಿಯೂ ಇಲಾಖೆಯದೇ?

2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳ ಮೇಲೆ ಕಂಪ್ಯೂಟರ್ ಹುಟ್ಟಿಸಿದ ಡಿಐಎನ್ ಎಂಬ ದಾಖಲೆ ಗುರುತಿನ ಸಂಖ್ಯೆ ಇರಬೇಕು. ಪೋರ್ಟಲಿನ ಮುಖಪುಟದಲ್ಲೇ, ಲಾಗಿನ್ ಇಲ್ಲದೆ, ಇಲಾಖೆ ಹೊರಡಿಸಿದ ನೋಟಿಸನ್ನು ದೃಢೀಕರಿಸುವ ಕೊಂಡಿಯಿದೆ. ಡಿಐಎನ್ ಮತ್ತು ಮೊಬೈಲ್ ಸಂಖ್ಯೆ ಕೊಟ್ಟು ಓಟಿಪಿ ಹಾಕಿದರೆ ಅದು ಹೊರಟದ್ದು ಹೌದೋ ಅಲ್ಲವೋ ತಿಳಿಯುತ್ತದೆ. ಸಂಖ್ಯೆ ದಾಖಲೆಯಲ್ಲಿ ಸಿಗದಿದ್ದರೆ ಆ ಪತ್ರ ನಂಬಿ ಹಣ ಕಟ್ಟಬೇಡಿ.

ಮೋಸದ ಸಂದೇಶ ಹೆಚ್ಚಾಗಿ ಹೆದರಿಸುವುದಿಲ್ಲ, ಆಸೆ ತೋರಿಸುತ್ತದೆ. 2023ರಲ್ಲಿ 15,490 ರೂಪಾಯಿ ರೀಫಂಡ್ ಮಂಜೂರಾಗಿದೆ, ಖಾತೆ ಸಂಖ್ಯೆ ಸರಿಪಡಿಸಲು ಇಲ್ಲಿ ಒತ್ತಿ ಎಂಬ ಸಂದೇಶ ಹರಿದಾಡಿ, ಅದು ಸುಳ್ಳೆಂದು ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆಯ ಪಿಐಬಿ ಫ್ಯಾಕ್ಟ್ ಚೆಕ್ ಹೇಳಬೇಕಾಯಿತು. ರೀಫಂಡ್ ಹೋಗುವುದು ಪೋರ್ಟಲಿನಲ್ಲಿ ನೀವೇ ಮೊದಲೇ ದೃಢೀಕರಿಸಿಟ್ಟ ಬ್ಯಾಂಕ್ ಖಾತೆಗೆ, ಅದಕ್ಕೆ ಯಾವ ಲಿಂಕೂ ಒತ್ತಬೇಕಿಲ್ಲ. ಪಿನ್, ಓಟಿಪಿ, ಕಾರ್ಡಿನ ಪಾಸ್‌ವರ್ಡನ್ನು ಇಲಾಖೆ ಇಮೇಲಿನಲ್ಲಿ ಕೇಳುವುದಿಲ್ಲ. ಅನುಮಾನ ಬಂದರೆ ಸಂದೇಶದೊಳಗಿನ ಲಿಂಕ್ ಬಿಟ್ಟು ಬ್ರೌಸರಿನಲ್ಲಿ ವಿಳಾಸ ನೀವೇ ಟೈಪ್ ಮಾಡಿ ಲಾಗಿನ್ ಆಗಿ. ನಿಜವಾದ ನೋಟಿಸ್ ಒಳಗೂ ಇದ್ದೇ ಇರುತ್ತದೆ. ವಿಳಾಸ ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ಎಂದು ಮುಗಿಯಬೇಕು. ‘ಗವ್’ ಆದ ಮೇಲೆ ‘ಇನ್’ ಬಿಟ್ಟು ಬೇರೇನಾದರೂ ಅಂಟಿಕೊಂಡಿದ್ದರೆ ಅದು ಬೇರೆಯವರ ತಾಣ.

ತೀರಿಕೊಂಡವರ ಪ್ಯಾನ್

ಮನೆಯವರು ಮರೆಯುವ ಸಂಗತಿ ಇದು. ತೆರಿಗೆದಾರರು ತೀರಿಕೊಂಡರೂ ಆ ವರ್ಷ ಸಾವಿನ ದಿನದವರೆಗಿನ ಆದಾಯಕ್ಕೆ ರಿಟರ್ನ್ ಹಾಕಬೇಕಾಗಬಹುದು, ಹಳೆಯ ವರ್ಷಗಳ ಪತ್ರಗಳೂ ಬರುತ್ತಿರಬಹುದು. ಸಿಮ್ ನಿಂತಿರುತ್ತದೆ, ಇಮೇಲ್ ತೆರೆಯುವವರಿಲ್ಲ. ವಾರಸುದಾರರು ತಮ್ಮ ಪ್ಯಾನ್‌ನಿಂದ ಪೋರ್ಟಲಿಗೆ ಲಾಗಿನ್ ಆಗಿ ಪ್ರತಿನಿಧಿಯಾಗಿ ನೋಂದಾಯಿಸಿಕೊಳ್ಳಬೇಕು. ಮರಣ ಪ್ರಮಾಣಪತ್ರ, ಇಬ್ಬರ ಪ್ಯಾನ್, ವಾರಸುದಾರರೆಂಬುದಕ್ಕೆ ಕಂದಾಯ ಇಲಾಖೆ ಕೊಡುವ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ ಅಥವಾ ನೋಂದಾಯಿತ ಉಯಿಲು ಬೇಕಾಗುತ್ತದೆ. ಒಪ್ಪಿಗೆ ಸಿಕ್ಕ ಮೇಲೆ ಅವರ ಖಾತೆಯ ನೋಟಿಸು, ಬೇಡಿಕೆ, ರೀಫಂಡುಗಳೆಲ್ಲ ವಾರಸುದಾರರಿಗೆ ಕಾಣುತ್ತವೆ. ಪ್ಯಾನ್ ಒಪ್ಪಿಸಿ ರದ್ದು ಮಾಡಿಸುವುದು ಕೊನೆಯ ಹೆಜ್ಜೆ: ಕೊನೆಯ ರಿಟರ್ನಿನ ಇಂಟಿಮೇಷನ್ ಬಂದು, ರೀಫಂಡ್ ಇದ್ದರೆ ಅದು ಖಾತೆಗೆ ಬಿದ್ದ ನಂತರ.